ನೂರ ನಲವತ್ತೊಂದನೆಯವನು

ನೂರ ನಲವತ್ತೊಂದನೆಯವನು ಯಾಕೆ ಸಿಗುವುದಿಲ್ಲ, ಗೊತ್ತೆ?
ದೊಡ್ಡ ಆಟಗಾರನೆಂದಲ್ಲ.
ಎಲ್ವುಡ್ ಟ್ರಾಸ್ಕ್, ಎರಡನೆಯ ಬೇಸ್ ಕಾಯುವವ,
ಹತ್ತು ಸಲ ಬೀಸಿದರೆ ಎರಡು ಸಲ ತಾಗಿದ್ದೇ ಪುಣ್ಯ.
ಅವನ ಪಟ ಅಚ್ಚಾದದ್ದು
ಬ್ರ್ಯಾನ್ ಫ್ಲೇಕ್ಸ್ ಡಬ್ಬಿಯ ಬೆನ್ನಿಗೆ ಮಾತ್ರ.
ಬ್ರ್ಯಾನ್ ಅಂದರೆ ಹೊಟ್ಟು,
ಬಾಯಿಬಿಟ್ಟು ಹೇಳುವುದಾದರೆ ಬೂಸಾ.
ಸಕ್ಕರೆ ಹಚ್ಚಿದ ಜೋಳದ ಡಬ್ಬಿಗಳು ಮನೆಮನೆ ಸೇರಿದವು,
ಅವುಗಳ ಬೆನ್ನೇರಿ ಹೋದವರು
ಇಂದಿಗೂ ಡಜನ್ನಿನ ಲೆಕ್ಕದಲ್ಲಿ ಸಿಗುತ್ತಾರೆ.
ಟ್ರಾಸ್ಕ್ ಅಂಗಡಿಯ ಕೆಳಗಿನ ಹಲಗೆಯಲ್ಲಿ ಧೂಳು ತಿಂದ.
ಯಾರೂ ತಿನ್ನದ್ದರಿಂದಲೇ ಅಪರೂಪವಾದ.

ಟೊಲೀಡೋದ ಲಗ್ರಾಂಜ್ ಬೀದಿ.
ಅಪ್ಪ ಗಾಜಿನ ಕಾರ್ಖಾನೆಯ ಕುಲುಮೆಯೆದುರು,
ಅಮ್ಮ ಊರವರ ಕೋಟುಗಳ ಒಳಪದರದೆದುರು,
ನಾವು ಐವರು ಒಂದು ಡಬ್ಬಿಯೆದುರು.
ಅಮ್ಮನ ಕಾನೂನು ಒಂದೇ:
ತಳ ಕಾಣದೆ ಕತ್ತರಿ ಮುಟ್ಟಕೂಡದು.
ಅಣ್ಣ ಲೆಶೆಕ್ ಹಠ ಹಿಡಿದು ಬೂಸಾ ತರಿಸಿದ,
ಎರಡು ಚಮಚ ತಿಂದು
ಹಿತ್ತಿಲ ಬೇಲಿಗೆ ಓಡಿದ.

ತಿಂದವಳು ನಾನು.
ಹನ್ನೊಂದು ದಿನ, ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು.
ಹಾಲಿಗೆ ಬಿದ್ದರೆ ಒದ್ದೆ ಗೋಣಿ,
ಬೀಳದಿದ್ದರೆ ಬಡಗಿಯ ಅಂಗಳ.
ಹಸು ಹೇಗೆ ಸುಮ್ಮನೆ ಮೆಲ್ಲುತ್ತದೆಂದು
ಆಗ ತಿಳಿಯಿತು; ಬೇರೇನೂ ಮಾಡುವಂತಿಲ್ಲ.
ಬಟ್ಟಲಿಗೊಂದು ಸೆಂಟ್ ಅಂದಿದ್ದ ಲೆಶೆಕ್.

ತಿಂದವಳೇ ಕತ್ತರಿಸುವವಳು ಎಂದೆ.
ಅವಸರದಲ್ಲಿ ಕೈಗೆ ಸಿಕ್ಕಿದ್ದು
ಬಟ್ಟೆಯಂಚನ್ನು ಹಲ್ಲುಹಲ್ಲಾಗಿ ಕೊರೆಯುವ ಅಮ್ಮನ ಕತ್ತರಿ.
ಟ್ರಾಸ್ಕ್‌ನ ಸುತ್ತ ಮೊಸಳೆಯ ಬಾಯಿ.
ಎಡಪಾದ ಡಬ್ಬಿಯಲ್ಲೇ ಉಳಿಯಿತು.
ಲೆಶೆಕ್ ಒಂದು ವಾರ ಮಾತು ಬಿಟ್ಟ.
ಅಮ್ಮ ಆ ಪಟವನ್ನು ನಾಲ್ಕು ಮಡಿಕೆ ಮಡಚಿ
ಹೊಲಿಗೆ ಯಂತ್ರದ ಕುಂಟುಗಾಲಿನಡಿ ತುರುಕಿದಳು.
ಯಂತ್ರ ಅಲ್ಲಾಡುವುದನ್ನು ನಿಲ್ಲಿಸಿತು.
ಪಾದವಿಲ್ಲದವನು ಕಾಲಿಗೊಂದು ಕಾಲಾದ.

ಅರವತ್ತೆರಡು ವರ್ಷ.
ಲೆಶೆಕ್‌ನ ಪುಸ್ತಕದಲ್ಲಿ ಎಲ್ಲರೂ ಬಂದು ಕೂತರು,
ಸಾಸೇಜಿನ ಎಣ್ಣೆಕಲೆ ಹೊತ್ತವರು,
ಇನ್ನೊಬ್ಬನ ಅಕ್ಕನ ಕತ್ತರಿಗೆ ಕಿವಿ ಕೊಟ್ಟವರು,
ಪುಡ್ಡಿಂಗ್ ಡಬ್ಬಿಯಿಂದ ಬಂದು
ಇನ್ನೂ ಸಣ್ಣಗೆ ವೆನಿಲಾ ನಾರುವವನೊಬ್ಬ.
ಒಂದು ಕಿಸೆ ಖಾಲಿ.
ಅದನ್ನು ಕಂಡವರೆಲ್ಲ ಅದನ್ನೇ ಕೇಳುತ್ತಿದ್ದರು,
ತುಂಬಿದ್ದನ್ನು ಯಾರೂ ನೋಡಲಿಲ್ಲ.

ಕಳೆದ ಮಂಗಳವಾರ ಅಯೋವಾದಿಂದ ಬಂತು:
ಇಡೀ ಬೆನ್ನು, ಏಳು ಜನ, ಒಂದೇ ರಟ್ಟು,
ಕತ್ತರಿಯ ಮುಖ ಕಾಣದ್ದು.
ಯಾವಳೋ ವಿಧವೆಯ ಅಟ್ಟದಲ್ಲಿ
ಕ್ರಿಸ್‌ಮಸ್ ದೀಪದ ಸರ ಸುತ್ತಿಡಲು ಬಳಸಿದ್ದಂತೆ.
ದೋಣಿಯ ಮೋಟಾರು ಮಾರಿ ಕೊಂಡ.
ಬಲ್ಲವರು ಹೇಳಿದರು, ಮುಟ್ಟಬೇಡ,
ಕತ್ತರಿಸಿದರೆ ಅರ್ಧಕ್ಕರ್ಧ ಬೆಲೆ ಹೋಯಿತು.
ಪುಸ್ತಕದ ಕಿಸೆಯಲ್ಲೋ ಒಬ್ಬನಿಗಷ್ಟೇ ಜಾಗ.

ಬಲಗೈ ನಡುಗುತ್ತದೆ ಅವನಿಗೆ, ಹೋದ ಚಳಿಗಾಲದಿಂದ.
ಉಕ್ಕಿನ ಅಳತೆಪಟ್ಟಿ, ನೆಟ್ಟಗಿನ ಕತ್ತರಿ
ನನ್ನೆದುರು ಸರಿಸಿ ಅಂದ:
"ತಿಂದವಳು ನೀನು."

ಕನ್ನಡಕ ಒರೆಸಿದೆ. ಮತ್ತೆ ಒರೆಸಿದೆ.
ಎಡಪಾದದ ಹತ್ತಿರ ಬಂದಾಗ
ಅಣ್ಣ ಕಿಟಕಿಯಾಚೆ ನೋಡುತ್ತಿದ್ದ,
ಅಲ್ಲಿ ಕಸದ ಲಾರಿ ಬಿಟ್ಟರೆ ಏನೂ ಇರಲಿಲ್ಲ.
ರಟ್ಟು ಕಚಕ್ಕೆಂದಿತು,
ನನ್ನ ಬಾಯಲ್ಲಿ ಬೂಸಾ.

ಟ್ರಾಸ್ಕ್ ಮೇಜಿನ ಮೇಲೆ ಎರಡೂ ಪಾದದೊಂದಿಗೆ.
"ಇಪ್ಪತ್ತೆರಡು ಸೆಂಟ್" ಅಂದೆ.
ಜೇಬು ತಡಕಿ ಕಾಲು ಡಾಲರ್ ಕೊಟ್ಟು
ಮೂರು ಸೆಂಟ್ ಚಿಲ್ಲರೆ ಕೇಳಿದ ಜುಗ್ಗ.

ಕಿಸೆಗೆ ಹಾಕಲಿಲ್ಲ.
ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ,
ಕಾಫಿ ಆರುವವರೆಗೂ ನೋಡಿದೆವು.
"ನಾಳೆ ಹಾಕೋಣ" ಅಂದ.
ಇವತ್ತು ಶುಕ್ರವಾರ.